ಮಳೆ ಹಿಡಿಯುವ ಮೊದಲೇ ಕಾಲೇಜುಗಳ ಪಟ್ಟಿ ಆಗಲಿ

ಮಾನ್ಯ ಸಂಪಾದಕರೇ,

ನಾನು ಸೋಮವಾರಪೇಟೆ ತಾಲ್ಲೂಕಿನವಳು. ಶನಿವಾರಸಂತೆಯಿಂದ ಸ್ವಲ್ಪ ಒಳಗೆ ನಮ್ಮ ಮನೆ. ಮೂರು ಎಕರೆ ಕಾಫಿ, ಮಧ್ಯೆ ಮಧ್ಯೆ ಮೆಣಸಿನ ಬಳ್ಳಿ, ಅಷ್ಟೇ ನಮ್ಮ ಆಸ್ತಿ. ಈಗ ಪತ್ರಿಕೆ ಬಿಡಿಸಿದರೆ ದಿನಾ ಎಂಜಿನಿಯರಿಂಗ್ ಕಾಲೇಜುಗಳ ಜಾಹೀರಾತು. ಎಂಜಿನಿಯರಿಂಗ್ ಸೀಟಿಗೆ ಬರೆಯುವ ಸಿಇಟಿ ಮುಗಿದಿದೆ, ಫಲಿತಾಂಶ ಬರಬೇಕಿದೆ. ನಮ್ಮ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಈಗ "ರ‍್ಯಾಂಕ್ ಬರಲಿ, ಆಮೇಲೆ ನೋಡೋಣ" ಅನ್ನುವ ಮಾತೇ ನಡೆಯುತ್ತಿರುತ್ತದೆ. ಮೂರು ವರ್ಷದ ಹಿಂದೆ ನಾವೂ ಅದನ್ನೇ ಅಂದಿದ್ದೆವು. ದಯವಿಟ್ಟು ಹಾಗೆ ಕಾಯಬೇಡಿ, ಕಾಲೇಜುಗಳ ಪಟ್ಟಿಯನ್ನು ಮಳೆ ಹಿಡಿಯುವ ಮೊದಲೇ ಮನೆಯಲ್ಲಿ ಕೂತು ಮಾಡಿ ಮುಗಿಸಿ ಅಂತ ಹೇಳುವುದಕ್ಕೆ ಈ ಪತ್ರ.

ಯಾಕೆ ಅಂತ ಹೇಳುತ್ತೇನೆ. ನಮ್ಮ ದೊಡ್ಡ ಮಗಳಿಗೆ ಎಲೆಕ್ಟ್ರಾನಿಕ್ಸ್ ಇಷ್ಟ. ಹಾಸನದಲ್ಲಿ ಓದಬೇಕು ಅಂತ ಆಸೆ. ಕೊಡ್ಲಿಪೇಟೆ ದಾಟಿದರೆ ಹಾಸನ ಜಿಲ್ಲೆ ತಾನೇ, ಶನಿವಾರ ಮಧ್ಯಾಹ್ನ ಬಸ್ ಹತ್ತಿದರೆ ಕತ್ತಲಾಗುವ ಮೊದಲೇ ಮನೆಗೆ ಬರಬಹುದು. ಇಷ್ಟು ಅವಳ ತಲೆಯಲ್ಲಿ ಸ್ಪಷ್ಟವಾಗಿತ್ತು, ಆದರೆ ಕಾಗದದ ಮೇಲೆ ಏನೂ ಇರಲಿಲ್ಲ. ಆಪ್ಷನ್ ಎಂಟ್ರಿಗೆ, ಅಂದರೆ ಬೇಕಾದ ಕಾಲೇಜು, ಬ್ರಾಂಚುಗಳನ್ನು ಆನ್‌ಲೈನಿನಲ್ಲಿ ಇಷ್ಟದ ಕ್ರಮದಲ್ಲಿ ತುಂಬುವುದಕ್ಕೆ, ಇನ್ನೂ ಟೈಮ್ ಇದೆ ಅಂದುಕೊಂಡಿದ್ದೆವು. ಅಷ್ಟರಲ್ಲಿ ಪುಷ್ಯ ಮಳೆ ಹಿಡಿಯಿತು. ಎರಡು ಸಿಲ್ವರ್ ಮರ ಕರೆಂಟ್ ಲೈನ್ ಮೇಲೆ ಬಿದ್ದವು. ಮಾರನೇ ದಿನಕ್ಕೆ ನೆಟ್‌ವರ್ಕೂ ಹೋಯಿತು. ಐದು ದಿನ ಮನೆಯಲ್ಲಿ ಮೊಬೈಲ್ ಚಾರ್ಜ್ ಇಲ್ಲ. ಕೊನೆಗೆ ಅಪ್ಪ ಮಗಳು ಜೀಪು ಹಿಡಿದು ಪೇಟೆಗೆ ಹೋಗಿ ಒಂದು ಕಂಪ್ಯೂಟರ್ ಅಂಗಡಿಯ ಮುಂದೆ ನಿಂತರು. ಅಲ್ಲಿ ಆಗಲೇ ಮಕ್ಕಳ ಸಾಲು. ಅಂಗಡಿಯ ಹುಡುಗ ಒಳ್ಳೆಯವನೇ, ಪಾಪ, ಬೆಳಗ್ಗೆಯಿಂದ ಊಟ ಮಾಡದೆ ಕೂತಿದ್ದ. ರ‍್ಯಾಂಕ್ ಕೇಳಿದ. "ಸಿಎಸ್ ಮೇಲೆ ಹಾಕ್ಲಾ? ಎಲ್ರೂ ಅದನ್ನೇ ಹಾಕಿಸ್ತಾ ಇದಾರೆ" ಅಂದ. ಸಿಎಸ್ ಅಂದರೆ ಕಂಪ್ಯೂಟರ್ ಸೈನ್ಸ್. ಹಿಂದೆ ಹದಿನೈದು ಜನ ಕಾಯುತ್ತಿದ್ದಾಗ ಹದಿನೆಂಟು ವರ್ಷದ ಹುಡುಗಿ ಏನು ಹೇಳುತ್ತಾಳೆ? ಹತ್ತು ನಿಮಿಷದಲ್ಲಿ ಇಪ್ಪತ್ತೆರಡು ಆಪ್ಷನ್ ತುಂಬಿಸಿ ಆಯಿತು. ಹಾಸನದ ಎಲೆಕ್ಟ್ರಾನಿಕ್ಸ್ ಒಂಬತ್ತನೆಯದಾಗಿ ಕೂತಿತು.

ಅಣಕು ಹಂಚಿಕೆ ಅಂತ ಒಂದು ಬರುತ್ತದೆ. ಮಾಕ್ ಅಲಾಟ್‌ಮೆಂಟ್. ಈ ಪಟ್ಟಿ ಹೀಗೇ ಇದ್ದರೆ ನಿಮಗೆ ಯಾವ ಸೀಟು ಸಿಗಬಹುದು ಅಂತ ಮೊದಲೇ ತೋರಿಸುತ್ತಾರೆ, ಅದನ್ನು ನೋಡಿ ಪಟ್ಟಿಯನ್ನು ಹಿಂದೆ ಮುಂದೆ ಮಾಡಬಹುದು. ನಾವು ಅದನ್ನು ನೋಡಲೇ ಇಲ್ಲ. ನೋಡಬೇಕು ಅಂತ ಗೊತ್ತೂ ಇರಲಿಲ್ಲ. ಮೊದಲ ಸುತ್ತಿನಲ್ಲಿ ನಾಲ್ಕನೇ ಆಪ್ಷನ್ ಸಿಕ್ಕಿತು, ಬೆಂಗಳೂರಿನ ಹೊರವಲಯದ ಒಂದು ಕಾಲೇಜು, ಉದ್ದ ಹೆಸರಿನ ಒಂದು ಹೊಸ ಬ್ರಾಂಚ್. ಒಂದು ಆಪ್ಷನ್ ಸಿಕ್ಕಿತು ಅಂದರೆ ಅದಕ್ಕಿಂತ ಕೆಳಗೆ ಬರೆದದ್ದೆಲ್ಲ ಬಿದ್ದುಹೋಗುತ್ತದೆ, ಮುಂದಿನ ಸುತ್ತಿನಲ್ಲಿ ಮೇಲಿನದಕ್ಕೆ ಮಾತ್ರ ಕಾಯಬಹುದು. ಹಾಸನ ಹೋಯಿತು. ಆಮೇಲೆ ಕಟ್ ಆಫ್ ಪಟ್ಟಿ (ಯಾವ ಸೀಟು ಎಷ್ಟನೇ ರ‍್ಯಾಂಕಿಗೆ ಮುಗಿಯಿತು ಅನ್ನುವ ಪಟ್ಟಿ) ಬಂದಾಗ ನೋಡಿದರೆ ಅವಳ ರ‍್ಯಾಂಕಿಗೆ ಅಲ್ಲಿ ಎಲೆಕ್ಟ್ರಾನಿಕ್ಸ್ ಆರಾಮಾಗಿ ಸಿಗುತ್ತಿತ್ತು. ಅವತ್ತು ಅವಳು ಅಳಲಿಲ್ಲ. ನಾನು ಅಡುಗೆ ಮನೆಗೆ ಹೋಗಿ ಅತ್ತೆ. ಈಗ ಮೂರನೇ ವರ್ಷ ಮುಗಿಸುತ್ತಿದ್ದಾಳೆ, ಚೆನ್ನಾಗಿಯೇ ಓದುತ್ತಿದ್ದಾಳೆ. ಆದರೂ ಆ ಇಪ್ಪತ್ತೆರಡು ಸಾಲು ನಮ್ಮ ಮನೆಯಲ್ಲೇ ಬರೆದು ಹೋಗಿದ್ದರೆ ಅನ್ನುವ ಸಂಕಟ ಇದೆಯಲ್ಲ, ಅದು ಇನ್ನೊಬ್ಬರ ಮನೆಗೆ ಬರಬಾರದು.

ಈ ವರ್ಷ ನಮ್ಮ ಅಣ್ಣನ ಮಗ ಸಿಇಟಿ ಬರೆದಿದ್ದಾನೆ. ಈ ಸಲ ನಾವು ಏಪ್ರಿಲ್ ಕೊನೆಯಲ್ಲೇ ಒಂದು ನೋಟ್ ಪುಸ್ತಕ ಇಟ್ಟುಕೊಂಡು ಕೂತೆವು. ಮಗಳೇ ಮುಂದೆ ನಿಂತು ಮಾಡಿಸಿದಳು. ಹೇಗೆ ಮಾಡಿದೆವು ಅಂತ ಬರೆಯುತ್ತೇನೆ, ಯಾರಿಗಾದರೂ ಉಪಯೋಗ ಆಗಬಹುದು.

ರಾಜ್ಯದಲ್ಲಿ ಇನ್ನೂರಕ್ಕೂ ಜಾಸ್ತಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಎಲ್ಲವನ್ನೂ ನೋಡುತ್ತಾ ಕೂತರೆ ತಲೆ ಕೆಡುತ್ತದೆ. ಮೊದಲು ಕೈಗೆ ತೆಗೆದುಕೊಳ್ಳಬೇಕಾದ್ದು ಹಿಂದಿನ ವರ್ಷಗಳ ಕಟ್ ಆಫ್, ಅದು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ವೆಬ್‌ಸೈಟಿನಲ್ಲೇ ಸಿಗುತ್ತದೆ. ಎಂಜಿನಿಯರಿಂಗ್ ರ‍್ಯಾಂಕಿಗೆ ಅರ್ಧ ಸಿಇಟಿ ಅಂಕ, ಇನ್ನರ್ಧ ದ್ವಿತೀಯ ಪಿಯುಸಿಯ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತದ ಅಂಕ. ಪಿಯುಸಿ ಅಂಕ ಕೈಯಲ್ಲಿದೆ, ಸಿಇಟಿಯ 180ಕ್ಕೆ ಎಷ್ಟು ಬರಬಹುದು ಅಂತ ಕೀ ಉತ್ತರ ನೋಡಿ ಲೆಕ್ಕ ಹಾಕಬಹುದು. ರ‍್ಯಾಂಕ್ ಕರಾರುವಾಕ್ಕಾಗಿ ಗೊತ್ತಾಗುವುದಿಲ್ಲ. ಆದರೆ ಹೋದ ವರ್ಷ ಬರೆದ ಮಕ್ಕಳು ಊರಲ್ಲಿ ಇರುತ್ತಾರಲ್ಲ, ಇಷ್ಟು ಅಂಕಕ್ಕೆ ಇಷ್ಟು ರ‍್ಯಾಂಕ್ ಬಂತು ಅಂತ ಅವರು ಹೇಳುತ್ತಾರೆ. ಅಂದಾಜು 40 ಸಾವಿರ ಅಂತ ಇಟ್ಟುಕೊಂಡರೆ 25 ಸಾವಿರದಿಂದ 70 ಸಾವಿರದವರೆಗೆ ಮುಚ್ಚಿದ ಸೀಟುಗಳನ್ನೆಲ್ಲ ಬರೆದುಕೊಳ್ಳಿ. ಒಂದೇ ವರ್ಷ ನೋಡಬೇಡಿ, ಎರಡು ಮೂರು ವರ್ಷ ನೋಡಿ, ಒಂದೊಂದು ವರ್ಷ ಒಂದೊಂದು ಕಾಲೇಜು ಏಕಾಏಕಿ ಏರಿ ಇಳಿಯುತ್ತದೆ. ಮೊದಲ ಸುತ್ತಿನ ಕಟ್ ಆಫ್ ಬೇರೆ, ಕೊನೆಯ ಸುತ್ತಿನದು ಬೇರೆ. ನಿಮ್ಮ ಕಾಲಂ ಸರಿಯಾಗಿ ನೋಡಿ. ಜಿಎಂ (ಸಾಮಾನ್ಯ ವರ್ಗ) ಮುಂದೆ ಆರ್ ಇದ್ದರೆ ಗ್ರಾಮೀಣ, ಕೆ ಇದ್ದರೆ ಕನ್ನಡ ಮಾಧ್ಯಮ. ಪ್ರವರ್ಗಗಳಿಗೂ ಹಾಗೇ.

ಈ ಗ್ರಾಮೀಣ ಕಾಲಂ ಬಗ್ಗೆ ಸ್ವಲ್ಪ ಹೇಳಲೇಬೇಕು. ಒಂದರಿಂದ ಹತ್ತನೇ ತರಗತಿವರೆಗೆ ಹತ್ತು ವರ್ಷ ಹಳ್ಳಿಯ ಶಾಲೆಯಲ್ಲಿ ಓದಿದ ಮಕ್ಕಳಿಗೆ ಶೇ 15 ಮೀಸಲು, ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5. ನಮ್ಮ ಕೊಡಗಿನಲ್ಲಿ ಹಳ್ಳಿ ಶಾಲೆಯಲ್ಲಿ ಓದಿದ ಮಕ್ಕಳೇ ಜಾಸ್ತಿ ಅಲ್ವಾ? ಆದರೂ ಎಷ್ಟೋ ಜನ ಇದನ್ನು ಅರ್ಜಿಯಲ್ಲಿ ಹಾಕಿರುವುದೇ ಇಲ್ಲ. ಹಾಕಿದವರೂ ಶಾಲೆಯ ಪ್ರಮಾಣಪತ್ರಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಮಾಡಿಸಿಟ್ಟಿರುವುದಿಲ್ಲ. ಎರಡು ಶಾಲೆ ಬದಲಾಯಿಸಿದ್ದರೆ ಎರಡೂ ಕಡೆ ಓಡಬೇಕು. ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ನಾಡಕಚೇರಿಯಲ್ಲಿ ಈಗಲೇ ಸರಿ ನೋಡಿಕೊಳ್ಳಿ. ಜುಲೈ ತಿಂಗಳ ಮಳೆಯಲ್ಲಿ ಸರ್ವರ್ ಇಲ್ಲ ಅನ್ನುವ ಮಾತು ಕೇಳಿಕೊಂಡು ಬರಿಗೈಯಲ್ಲಿ ವಾಪಸ್ ಬರುವ ಕಷ್ಟ ನಿಮಗೆ ಬೇಡ.

ಕಟ್ ಆಫ್ ನೋಡಿ ಮುಗಿಸಿದಾಗ ನಮ್ಮ ಪುಸ್ತಕದಲ್ಲಿ 60ಕ್ಕೂ ಮೇಲೆ ಸಾಲುಗಳಿದ್ದವು. ಅಲ್ಲಿಂದ ಬ್ರಾಂಚ್ ವಿಚಾರ ಶುರುವಾಯಿತು. ಮನೆಯಲ್ಲಿ ಜಗಳವೂ ಶುರುವಾಯಿತು.

ಅಣ್ಣನ ಮನೆ ಮಾದಾಪುರದ ಕಡೆ. 2018ರ ಆಗಸ್ಟಿನಲ್ಲಿ ಆ ಭಾಗದ ಗುಡ್ಡಗಳು ಕುಸಿದದ್ದನ್ನು ಇಡೀ ರಾಜ್ಯ ನೋಡಿದೆ. ಈ ಹುಡುಗ ಆಗ ಪ್ರೈಮರಿ ಶಾಲೆಯಲ್ಲಿದ್ದ. ಮನೆ ಉಳಿಯಿತು, ಆದರೆ ಎದುರಿನ ಗುಡ್ಡ ತೋಟದ ಸಮೇತ ಜಾರಿದ್ದನ್ನು ಕಣ್ಣಾರೆ ನೋಡಿದ್ದಾನೆ, ಪರಿಹಾರ ಕೇಂದ್ರದಲ್ಲಿ ಮಲಗಿದ್ದಾನೆ. ಅವನಿಗೆ ಸಿವಿಲ್ ಬೇಕು. ಗುಡ್ಡ ಯಾಕೆ ಜಾರುತ್ತದೆ, ರಸ್ತೆ ಕಡಿದ ಜಾಗದಲ್ಲಿ ನೀರು ಎಲ್ಲಿ ಹೋಗಬೇಕು, ತಡೆಗೋಡೆ ಯಾಕೆ ಹೊಟ್ಟೆ ಉಬ್ಬಿ ಬೀಳುತ್ತದೆ, ಇಂಥದ್ದನ್ನೇ ಕೇಳುತ್ತಿರುತ್ತಾನೆ. ನೆಂಟರೆಲ್ಲ "ಈ ಕಾಲದಲ್ಲಿ ಸಿವಿಲ್‌ಗೆ ಯಾರಪ್ಪಾ ಹೋಗ್ತಾರೆ, ಸುಮ್ನೆ ಸಿಎಸ್ ತಗೋ" ಅಂತ ಹಿಡಿದುಕೊಂಡರು. ಅವನ ಅಪ್ಪನೂ ಅತ್ತಿತ್ತ ಆಡಿದರು. ಆಗ ಮಗಳು ಕಟ್ ಆಫ್ ಪಟ್ಟಿ ತೆಗೆದು ತೋರಿಸಿದಳು. ಯಾವ ರ‍್ಯಾಂಕಿಗೆ ಹೊಸ ಕಾಲೇಜಿನ ಕಂಪ್ಯೂಟರ್ ಸೈನ್ಸ್ ಸಿಗುತ್ತದೋ, ಅದೇ ರ‍್ಯಾಂಕಿಗೆ ಐವತ್ತು ಅರವತ್ತು ವರ್ಷ ಹಳೆಯ, ಒಳ್ಳೆ ಲ್ಯಾಬ್ ಇರುವ ಕಾಲೇಜಿನ ಸಿವಿಲ್ ಸಿಗುತ್ತದೆ. ಹುಡುಗನಿಗೆ ಇಷ್ಟವೂ ಇದೆ, ಒಳ್ಳೆ ಕಾಲೇಜೂ ಸಿಗುತ್ತದೆ, ಇನ್ನೇನು ಬೇಕು? ಗುಡ್ಡ ಗೊತ್ತಿರುವ ಎಂಜಿನಿಯರ್‌ಗಳು ನಮ್ಮ ಜಿಲ್ಲೆಗೆ ಬೇಕೇ ಬೇಕು.

ಸಿಎಸ್ ಬೇಡ ಅಂತ ನಾನು ಹೇಳುತ್ತಿಲ್ಲ. ಇಷ್ಟ ಇರುವ ಮಕ್ಕಳು ಅದನ್ನೇ ಓದಲಿ. ಆದರೆ ಈಗ ಸಿಎಸ್ ಹೆಸರಿನ ಹಿಂದೆ ಮುಂದೆ ಎಐ, ಡೇಟಾ ಸೈನ್ಸ್, ಸೈಬರ್ ಸೆಕ್ಯೂರಿಟಿ ಅಂತ ಸೇರಿಸಿದ ಬ್ರಾಂಚುಗಳು ಎಷ್ಟೊಂದಿವೆ. ಒಂದು ಬ್ರಾಂಚಿಗೆ ಇಷ್ಟೇ ಸೀಟು ಅನ್ನುವ ಮೇಲ್ಮಿತಿಯನ್ನು ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇ 2024-25ರಲ್ಲಿ ತೆಗೆಯಿತು. ಹೀಗಾಗಿ ಬೇಡಿಕೆ ಇರುವ ಬ್ರಾಂಚಿನಲ್ಲಿ ಸೆಕ್ಷನ್ ಮೇಲೆ ಸೆಕ್ಷನ್ ಆಗಬಹುದು. ಅಷ್ಟು ಮಕ್ಕಳಿಗೆ ಪಾಠ ಮಾಡುವವರು ಯಾರು, ಎಷ್ಟು ಜನ, ಎಷ್ಟು ವರ್ಷದಿಂದ ಇದ್ದಾರೆ ಅಂತ ಕೇಳಬೇಕು. ಹೊಸ ಬ್ರಾಂಚ್ ಆದರೆ ಇನ್ನೊಂದು ಕೇಳಬೇಕು: ಇಲ್ಲಿಂದ ಓದಿ ಮುಗಿಸಿ ಹೊರಗೆ ಬಂದ ಬ್ಯಾಚ್ ಒಂದಾದರೂ ಇದೆಯಾ? ಇಲ್ಲದಿದ್ದರೆ ಪ್ಲೇಸ್‌ಮೆಂಟ್ ಲೆಕ್ಕ ಎಲ್ಲಿಂದ ಬರುತ್ತದೆ?

ಈ ಪ್ಲೇಸ್‌ಮೆಂಟ್ ವಿಷಯಕ್ಕೆ ಬಂದರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಇರುವುದು ಅತಿ ಹೆಚ್ಚಿನ ಪ್ಯಾಕೇಜ್. ಅದು ಒಬ್ಬ ಹುಡುಗನದ್ದು, ಒಬ್ಬ ಹುಡುಗಿಯದ್ದು. ನಮ್ಮ ಮಗುವಿಗೆ ಬೇಕಾದ್ದು ಸಾಲಿನ ಮಧ್ಯದಲ್ಲಿ ನಿಂತ ಮಗುವಿಗೆ ಎಷ್ಟು ಸಿಕ್ಕಿತು ಅನ್ನುವುದು. ಅಂದರೆ ಸಂಬಳಗಳನ್ನೆಲ್ಲ ಕಡಿಮೆಯಿಂದ ಜಾಸ್ತಿಗೆ ಸಾಲಾಗಿ ಬರೆದರೆ ನಡುವೆ ಬರುವ ಸಂಖ್ಯೆ. ಸರಾಸರಿ ಹೇಳಿದರೆ ಸಾಲದು, ಒಬ್ಬನ 40 ಲಕ್ಷ ಹತ್ತು ಜನರ 3 ಲಕ್ಷವನ್ನು ಮೇಲಕ್ಕೆ ಎಳೆದುಬಿಡುತ್ತದೆ. ಇನ್ನೊಂದು, ಶೇ 95 ಪ್ಲೇಸ್‌ಮೆಂಟ್ ಅಂದರೆ ಯಾರಲ್ಲಿ ಶೇ 95? ಬ್ಯಾಕ್‌ಲಾಗ್ ಇಲ್ಲದೆ, ಇಂತಿಷ್ಟು ಅಂಕ ಇದ್ದು, ಹೆಸರು ಕೊಟ್ಟವರಲ್ಲಿ ಮಾತ್ರವಾ, ಇಡೀ ತರಗತಿಯಲ್ಲಾ? ಒಂದೇ ಹುಡುಗಿಗೆ ಮೂರು ಕಂಪನಿ ಆಫರ್ ಕೊಟ್ಟರೆ ಅದನ್ನು ಮೂರು ಅಂತ ಎಣಿಸಿದ್ದಾರಾ? ನಿಮಗೆ ಬೇಕಾದ ಬ್ರಾಂಚಿನ ಲೆಕ್ಕ ಬೇರೆಯಾಗಿ ಕೊಡುತ್ತಾರಾ? ಈ ನಾಲ್ಕು ಪ್ರಶ್ನೆ ಕೇಳಿ. ನೆಟ್ಟಗೆ ಉತ್ತರ ಕೊಡುವ ಕಾಲೇಜುಗಳೂ ಇವೆ. ಅಂಥ ಕಾಲೇಜಿನ ಮುಂದೆ ನಾವು ನೋಟ್ ಪುಸ್ತಕದಲ್ಲಿ ಒಂದು ಗೀಟು ಜಾಸ್ತಿ ಹಾಕಿದೆವು.

ಗುಣಮಟ್ಟ ನೋಡಿ ಕೊಡುವ ಮಾನ್ಯತೆ ಎರಡಿದೆ. ನ್ಯಾಕ್ ಮಾನ್ಯತೆ ಇಡೀ ಕಾಲೇಜಿಗೆ ಕೊಡುವುದು. ಎನ್‌ಬಿಎ ಮಾನ್ಯತೆ ಒಂದೊಂದು ಬ್ರಾಂಚಿಗೆ ಬೇರೆ ಬೇರೆ, ಅದಕ್ಕೆ ಅವಧಿಯೂ ಇರುತ್ತದೆ. ಕಾಲೇಜಿಗೆ ಎನ್‌ಬಿಎ ಇದೆ ಅಂದರೆ ಯಾವ ಬ್ರಾಂಚಿಗೆ, ಯಾವ ವರ್ಷದವರೆಗೆ ಅಂತ ನೋಡಿ. ಸ್ವಾಯತ್ತ ಕಾಲೇಜಾದರೆ ಪಠ್ಯ, ಪರೀಕ್ಷೆ ಅವರದ್ದೇ, ಪದವಿ ಮಾತ್ರ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ್ದು (ವಿಟಿಯು). ಖಾಸಗಿ ವಿಶ್ವವಿದ್ಯಾಲಯವಾದರೆ ಪದವಿಯೂ ಅವರದ್ದೇ. ಇದರಲ್ಲಿ ಯಾವುದು ಒಳ್ಳೆಯದು ಅಂತ ಒಂದೇ ಮಾತಿನಲ್ಲಿ ಹೇಳೋಕಾಗಲ್ಲ, ಆದರೆ ಯಾವುದಕ್ಕೆ ಸೇರುತ್ತಿದ್ದೇವೆ ಅಂತ ಗೊತ್ತಿರಬೇಕು.

ದುಡ್ಡಿನ ಮಾತು. ನಮ್ಮಂಥ ಕಾಫಿ ಬೆಳೆಗಾರರಿಗೆ ಕೈಯಲ್ಲಿ ಕಾಸು ಆಡುವುದು ಹಣ್ಣು ಕುಯ್ದು ಒಣಗಿಸಿ ಮಾರಿದ ಮೇಲೆ, ಜನವರಿಯಿಂದ ಏಪ್ರಿಲ್‌ವರೆಗೆ. ಫೀಸು ಕಟ್ಟಬೇಕಾದ್ದು ಜುಲೈ ಆಗಸ್ಟಿನಲ್ಲಿ. ಆ ಹೊತ್ತಿಗೆ ಗೊಬ್ಬರಕ್ಕೆ, ಆಳಿನ ಸಂಬಳಕ್ಕೆ ಎಲ್ಲ ಖರ್ಚಾಗಿ ಮೆಣಸಿನ ಚೀಲ ಒಂದೆರಡು ಉಳಿದಿದ್ದರೆ ಪುಣ್ಯ. ಅದಕ್ಕೇ ಪಟ್ಟಿ ಮಾಡುವಾಗಲೇ ಪ್ರತಿ ಕಾಲೇಜಿನ ಮುಂದೆ ನಾಲ್ಕು ವರ್ಷದ ಒಟ್ಟು ಖರ್ಚು ಬರೆಯಿರಿ. ಸರ್ಕಾರಿ ಕಾಲೇಜಿನ ಫೀಸು ತುಂಬಾ ಕಡಿಮೆ. ಖಾಸಗಿ ಕಾಲೇಜಿನಲ್ಲಿ ಸಿಇಟಿ ಸೀಟಾದರೂ ವರ್ಷಕ್ಕೆ ಒಂದು ಲಕ್ಷದ ಆಸುಪಾಸು, ಕಾಮೆಡ್-ಕೆ (ಖಾಸಗಿ ಕಾಲೇಜುಗಳ ಬೇರೆ ಪ್ರವೇಶ ಪರೀಕ್ಷೆ) ಮೂಲಕವಾದರೆ ಎರಡು ಲಕ್ಷ ಅಥವಾ ಅದಕ್ಕೂ ಮೇಲೆ. ಅದರ ಮೇಲೆ ಹಾಸ್ಟೆಲ್ ಅಥವಾ ಪಿಜಿ, ಊಟ, ಬಸ್ಸು, ಲ್ಯಾಪ್‌ಟಾಪ್. ಕೆಲವು ಹಳೆಯ ಖಾಸಗಿ ಕಾಲೇಜುಗಳಲ್ಲಿ ಅನುದಾನಿತ ಸೀಟು ಬೇರೆ, ಅನುದಾನರಹಿತ ಸೀಟು ಬೇರೆ ಇರುತ್ತವೆ. ಅದೇ ಕಟ್ಟಡ, ಅದೇ ಪಾಠ, ಅನುದಾನಿತ ಸೀಟಿಗೆ ಫೀಸು ಮಾತ್ರ ಎಷ್ಟೋ ಕಡಿಮೆ. ಇದು ನಮಗೆ ಮೊದಲ ಸಲ ಗೊತ್ತೇ ಇರಲಿಲ್ಲ. ಎಸ್‌ಎನ್‌ಕ್ಯೂ ಅಂತ ಇನ್ನೊಂದಿದೆ. ಮನೆಯ ವರ್ಷದ ಆದಾಯ 8 ಲಕ್ಷಕ್ಕಿಂತ ಕಡಿಮೆ ಇದ್ದರೆ ಬೋಧನಾ ಶುಲ್ಕ ಇಲ್ಲದ ಹೆಚ್ಚುವರಿ ಶೇ 5 ಸೀಟುಗಳು. ಬ್ಯಾಂಕ್ ಸಾಲ ಬೇಕಾದವರು ಈಗಲೇ ಮ್ಯಾನೇಜರ್ ಹತ್ತಿರ ಮಾತಾಡಿ. ಏಳೂವರೆ ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಆಸ್ತಿ ಅಡಮಾನ ಇಲ್ಲದ ಯೋಜನೆ ಇದೆ. ನಮ್ಮಲ್ಲಿ ಎಷ್ಟೋ ಮನೆಗಳ ಆರ್‌ಟಿಸಿ ಇನ್ನೂ ಅಜ್ಜನ ಹೆಸರಿನಲ್ಲೋ ಜಂಟಿ ಹೆಸರಿನಲ್ಲೋ ಇರುವುದರಿಂದ ಇದು ತಿಳಿದಿರಬೇಕಾದ ವಿಷಯ.

ಇನ್ನು ದಾರಿ. ರೈಲು ಇಲ್ಲದ ಜಿಲ್ಲೆ ನಮ್ಮದು, ಮಕ್ಕಳು ಎಲ್ಲಿಗೆ ಹೋದರೂ ಬಸ್ಸೇ. ನಮ್ಮ ಕಡೆಯವರಿಗೆ ಹಾಸನ ಹತ್ತಿರ. ವಿರಾಜಪೇಟೆ, ಗೋಣಿಕೊಪ್ಪದವರಿಗೆ ಮೈಸೂರು. ಸಂಪಾಜೆ, ಮದೆನಾಡಿನವರಿಗೆ ಸುಳ್ಯ, ಪುತ್ತೂರು, ಮಂಗಳೂರು. ಆದರೆ 2018ರಲ್ಲಿ ಜೋಡುಪಾಲದ ಹತ್ತಿರ ಗುಡ್ಡ ಜಾರಿ ಮಡಿಕೇರಿ ಸಂಪಾಜೆ ರಸ್ತೆ ಮುಚ್ಚಿದ್ದು ನೆನಪಿರಲಿ, ಮಳೆಗಾಲದಲ್ಲಿ ಆ ಕಡೆ ಓದುವ ಮಕ್ಕಳಿಗೆ ಹಾಸ್ಟೆಲ್ಲೇ ಸರಿ. ನಮ್ಮ ಪಟ್ಟಿಯಲ್ಲಿ ಕೊನೆಗೆ ಉಳಿದದ್ದು ಹೆಚ್ಚಾಗಿ ಹತ್ತಿರದ ಹಳೆಯ ಕಾಲೇಜುಗಳೇ. 1946ರಲ್ಲಿ ಶುರುವಾದ ಮೈಸೂರಿನ ಎನ್‌ಐಇ, 1960ರ ಹಾಸನದ ಮಲ್ನಾಡ್ ಕಾಲೇಜು, ಮಂಡ್ಯದ ಪಿಇಎಸ್, ಮೈಸೂರಿನ ಜೆಸಿಇ, ಸುಳ್ಯದ ಕೆವಿಜಿ. ಎಲ್ಲಕ್ಕಿಂತ ಮೇಲೆ ಬೆಂಗಳೂರಿನ ಯುವಿಸಿಇ, 1917ರಲ್ಲಿ ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ಆದದ್ದು. ಸರ್ಕಾರಿ ಸಂಸ್ಥೆ, ಸೀಟು ಸಿಗುವುದು ಕಷ್ಟ, ಆದರೂ ಮೇಲೆ ಬರೆದೆವು. ಸುರತ್ಕಲ್‌ನ ಎನ್‌ಐಟಿಕೆ ಬೇಕಾದರೆ ಸಿಇಟಿ ನಡೆಯುವುದಿಲ್ಲ, ರಾಷ್ಟ್ರಮಟ್ಟದ ಜೆಇಇ ಮೇನ್ ಪರೀಕ್ಷೆ ಬರೆದಿರಬೇಕು. ಅಲ್ಲಿ ಅರ್ಧ ಸೀಟು ನಮ್ಮ ರಾಜ್ಯದವರಿಗೆ ಅಂತ ಪ್ರಥಮ ಪಿಯುಸಿ ಮಕ್ಕಳು ಈಗಲೇ ತಿಳಿದುಕೊಳ್ಳಲಿ.

ನಮ್ಮ ಜಿಲ್ಲೆಯ ಎರಡು ಕಾಲೇಜುಗಳನ್ನು ಮರೆಯಬೇಡಿ. ಪೊನ್ನಂಪೇಟೆಯ ಕೂರ್ಗ್ ಇನ್‌ಸ್ಟಿಟ್ಯೂಟ್ 2003ರಿಂದ ಇದೆ, ಕುಶಾಲನಗರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು 2007ರಿಂದ. "ಮನೆ ಹತ್ತಿರದ್ದು ಬೇಡ" ಅಂತ ಎಷ್ಟೋ ಮಕ್ಕಳು ಕಟ್ ಆಫ್ ಕೂಡ ನೋಡದೆ ಬಿಟ್ಟುಬಿಡುತ್ತಾರೆ. ಬೆಂಗಳೂರಿನ ಹೊರಗೆ ಯಾವುದೋ ಗೊತ್ತಿಲ್ಲದ ಕಾಲೇಜಿಗೆ ವರ್ಷಕ್ಕೆ ಎರಡು ಎರಡೂವರೆ ಲಕ್ಷ ಸುರಿಯುವ ಬದಲು ಕುಶಾಲನಗರದಲ್ಲಿ ಸರ್ಕಾರಿ ಫೀಸಿಗೆ ಓದಿ, ಉಳಿದ ದುಡ್ಡಿನಲ್ಲಿ ಮುಂದೆ ಎಂ.ಟೆಕ್ ಮಾಡಬಹುದಲ್ಲ. ಬೇಕೋ ಬೇಡವೋ ಆಮೇಲೆ ತೀರ್ಮಾನಿಸಿ, ಮೊದಲು ಹೋಗಿ ನೋಡಿ.

ಹೋಗಿ ನೋಡುವುದು ಅಂದರೆ ಭಾನುವಾರ ಅಲ್ಲ. ಕಾಲೇಜು ನಡೆಯುವ ದಿನ ಹೋಗಿ. ನಾವು ಎರಡು ದಿನದಲ್ಲಿ ನಾಲ್ಕು ಕಾಲೇಜು ನೋಡಿದೆವು. ಆಫೀಸಿನಲ್ಲಿ ಕೊಡುವ ಪುಸ್ತಕ ತೆಗೆದುಕೊಂಡು ಬ್ಯಾಗಿಗೆ ಹಾಕಿ, ಕ್ಯಾಂಟೀನಿನಲ್ಲಿ ಮಕ್ಕಳ ಪಕ್ಕ ಕೂತೆವು. ನಾನೇ ಕೇಳಿದೆ. ಲ್ಯಾಬಿನಲ್ಲಿ ನೀವೇ ಕೈಯಾರೆ ಮಾಡ್ತೀರಾ, ಬರೀ ರೆಕಾರ್ಡ್ ಬರೀತೀರಾ? ಸೆಮಿಸ್ಟರ್ ಮಧ್ಯೆ ಮೇಷ್ಟ್ರು ಬದಲಾಗ್ತಾರಾ? ಹಾಸ್ಟೆಲ್ಲಿನಲ್ಲಿ ನೀರು ಹೇಗೆ? ಹುಡುಗಿಯರು ಸಂಜೆ ಲೈಬ್ರರಿಯಿಂದ ಎಷ್ಟು ಹೊತ್ತಿಗೆ ವಾಪಸ್ ಬರಬೇಕು? ಮಕ್ಕಳು ಸುಳ್ಳು ಹೇಳುವುದಿಲ್ಲ. ಒಂದು ಕಡೆ ಸಿವಿಲ್ ಲ್ಯಾಬಿನ ಬಾಗಿಲು ತೆಗೆಸಿ ಮಣ್ಣು ಪರೀಕ್ಷೆ ಮಾಡುವ ಯಂತ್ರಗಳನ್ನು ಒಬ್ಬರು ಇನ್‌ಸ್ಟ್ರಕ್ಟರ್ ಅರ್ಧ ಗಂಟೆ ನಿಂತು ತೋರಿಸಿದರು. ಹುಡುಗನ ಮುಖ ನೋಡಬೇಕಿತ್ತು. ಆ ಕಾಲೇಜು ಪಟ್ಟಿಯಲ್ಲಿ ಆರು ಮೆಟ್ಟಿಲು ಮೇಲೆ ಹೋಯಿತು.

ಏಜೆಂಟರ ಫೋನ್ ಈಗಾಗಲೇ ಶುರುವಾಗಿರುತ್ತದೆ. ಮಗುವಿನ ಹೆಸರು, ಅಂಕ ಎಲ್ಲ ಅವರಿಗೆ ಹೇಗೆ ಗೊತ್ತಾಗುತ್ತದೋ. "ಇವತ್ತೇ ಅಡ್ವಾನ್ಸ್ ಕೊಟ್ಟರೆ ಸೀಟು" ಅನ್ನುತ್ತಾರೆ. ಕೊಡಬೇಡಿ. ಲಾಗಿನ್ ಪಾಸ್‌ವರ್ಡ್ ಅಂತೂ ಯಾರಿಗೂ ಕೊಡಬೇಡಿ. 2024ರಲ್ಲಿ ಸೀಟ್ ಬ್ಲಾಕಿಂಗ್ (ಸೇರುವ ಉದ್ದೇಶವಿಲ್ಲದೆ ಸೀಟು ಹಿಡಿದಿಡುವುದು) ವಿಚಾರ ಪೊಲೀಸ್ ಕೇಸ್ ಆಗಿ ಬಂಧನಗಳಾದದ್ದನ್ನು ಪತ್ರಿಕೆಗಳಲ್ಲೇ ಓದಿದ್ದೇವೆ. ಸೇರಿ ಆಮೇಲೆ ಬಿಡಬೇಕಾಗಿ ಬಂದರೆ, ಎಐಸಿಟಿಇ ಹೇಳಿದ ದಿನದೊಳಗೆ ಬಿಟ್ಟವರಿಂದ ಕಾಲೇಜು 1,000 ರೂಪಾಯಿಗಿಂತ ಜಾಸ್ತಿ ಹಿಡಿದುಕೊಳ್ಳುವಂತಿಲ್ಲ, ಮೂಲ ದಾಖಲೆಗಳನ್ನು ಇಟ್ಟುಕೊಂಡು ಸತಾಯಿಸುವಂತಿಲ್ಲ. ಈ ನಿಯಮ ಇದೆ ಅಂತ ಗೊತ್ತಿದ್ದರೆ ಅಪ್ಪ ಅಮ್ಮಂದಿರು ಧೈರ್ಯವಾಗಿ ಮಾತಾಡಬಹುದು.

ಕೊನೆಗೆ ಪಟ್ಟಿಯ ಕ್ರಮ. ಇದರಲ್ಲೇ ನಾವು ಸೋತದ್ದು, ಹಾಗಾಗಿ ಬಿಡಿಸಿ ಹೇಳುತ್ತೇನೆ. ಸೀಟು ಕೊಡುವ ಕಂಪ್ಯೂಟರ್ ಒಳ್ಳೆ ರ‍್ಯಾಂಕಿನವರಿಂದ ಶುರು ಮಾಡಿ ಒಬ್ಬೊಬ್ಬರ ಪಟ್ಟಿಯನ್ನೂ ಮೇಲಿನಿಂದ ಕೆಳಗೆ ನೋಡುತ್ತಾ ಬರುತ್ತದೆ, ಮೊದಲು ಖಾಲಿ ಕಂಡದ್ದನ್ನು ಕೊಡುತ್ತದೆ. "ಸಿಗದ ಕಾಲೇಜನ್ನು ಮೇಲೆ ಬರೆದರೆ ಸಿಗುವುದೂ ತಪ್ಪಿಹೋಗುತ್ತದೆ" ಅನ್ನುವ ಭಯ ನಮ್ಮ ಕಡೆ ಬಹಳ ಇದೆ. ಅದು ತಪ್ಪು. ಯುವಿಸಿಇ ಸಿಗದಿದ್ದರೆ ಕಂಪ್ಯೂಟರ್ ಎರಡನೆಯದಕ್ಕೆ ಹೋಗುತ್ತದೆ, ನಿಮ್ಮ ಜಾಗ ಎಲ್ಲೂ ಹೋಗುವುದಿಲ್ಲ. ತಪ್ಪುವುದು ಯಾವಾಗ ಅಂದರೆ, ಕಡಿಮೆ ಇಷ್ಟ ಇರುವುದನ್ನು ಜಾಸ್ತಿ ಇಷ್ಟ ಇರುವುದರ ಮೇಲೆ ಬರೆದಾಗ. ನಮ್ಮ ಮಗಳಿಗೆ ಆದದ್ದು ಅದೇ. ಆದ್ದರಿಂದ ಆಸೆ ಇದ್ದ ಕ್ರಮದಲ್ಲೇ ಬರೆಯಿರಿ. ಖಂಡಿತ ಹೋಗುವುದಿಲ್ಲ ಅನ್ನುವ ಕಾಲೇಜನ್ನು ಸುಮ್ನೆ ಇರಲಿ ಅಂತಲೂ ಬರೆಯಬೇಡಿ, ಅದು ಸಿಕ್ಕಿಬಿಡಬಹುದು. ಕೆಳಗಡೆ ನಾಲ್ಕೈದು ಖಂಡಿತ ಸಿಗುವಂಥವು ಇರಲಿ. ಕಾಲೇಜು ಕೋಡ್, ಬ್ರಾಂಚ್ ಕೋಡ್ ಎರಡನ್ನೂ ಪಕ್ಕದಲ್ಲಿ ಬರೆದುಕೊಳ್ಳಿ. ಕರೆಂಟ್ ಬಂದ ಅರ್ಧ ಗಂಟೆಯಲ್ಲಿ ಮನೆಯಲ್ಲೇ ಕೂತು ಟೈಪ್ ಮಾಡಬಹುದು, ಇಲ್ಲ ಅಂಗಡಿಗೇ ಹೋದರೂ "ಇದೇ ಕ್ರಮದಲ್ಲಿ ಹಾಕಪ್ಪಾ" ಅಂತ ಕಾಗದ ಮುಂದೆ ಇಡಬಹುದು. ಮಾಕ್ ಅಲಾಟ್‌ಮೆಂಟ್ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ನಿಮಗೆ ಆಗದಿದ್ದರೆ ಮೈಸೂರು, ಬೆಂಗಳೂರಿನಲ್ಲಿರುವ ಸ್ವಂತ ಅಣ್ಣನೋ ಚಿಕ್ಕಮ್ಮನೋ ಅವತ್ತು ನೋಡಿ ಫೋನ್ ಮಾಡಲಿ, ಫೋನ್ ಸಿಗದಿದ್ದರೆ ಬಸ್ಸಿನ ಕಂಡಕ್ಟರ್ ಕೈಯಲ್ಲಾದರೂ ಚೀಟಿ ಕಳಿಸಲಿ.

ಸಂಪಾದಕರೇ, ನಿಮ್ಮ ಮೂಲಕ ಮೂರು ಕೋರಿಕೆ. ಜೋರು ಮಳೆ ಬಂದರೆ ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಕೊಡುತ್ತಾರೆ, ಆದರೆ ಕೌನ್ಸೆಲಿಂಗ್ ವೇಳಾಪಟ್ಟಿ ಇಡೀ ರಾಜ್ಯಕ್ಕೆ ಒಂದೇ. ರೆಡ್ ಅಲರ್ಟ್ ಇದ್ದು ದಿನಗಟ್ಟಲೆ ಕರೆಂಟ್ ಇಲ್ಲದ ಜಿಲ್ಲೆಯ ಮಕ್ಕಳಿಗೆ ಒಂದೆರಡು ದಿನ ಹೆಚ್ಚು ಅವಕಾಶ ಕೊಡಬಹುದಾ ಅಂತ ಪ್ರಾಧಿಕಾರ ಯೋಚಿಸಲಿ. ಎರಡನೆಯದು, ಆಪ್ಷನ್ ಎಂಟ್ರಿ ನಡೆಯುವ ದಿನಗಳಲ್ಲಿ ಐದೂ ತಾಲ್ಲೂಕುಗಳಲ್ಲಿ ಒಂದೊಂದು ಸರ್ಕಾರಿ ಪಿಯು ಕಾಲೇಜಿನ ಕಂಪ್ಯೂಟರ್ ಕೊಠಡಿಯನ್ನು ಜನರೇಟರ್ ಇಟ್ಟು ಸಂಜೆವರೆಗೆ ತೆರೆದಿಡಲು ಜಿಲ್ಲಾಡಳಿತ ವ್ಯವಸ್ಥೆ ಮಾಡಲಿ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳಲ್ಲಿ ಕಂಪ್ಯೂಟರ್ ಇರುವ ಕಡೆ ಅದನ್ನೂ ಬಳಸಬಹುದು. ಹೋದ ವರ್ಷ ಸೇರಿದ ಇಬ್ಬರು ಮಕ್ಕಳನ್ನು ಸಹಾಯಕ್ಕೆ ಕೂರಿಸಿದರೆ ಸಾಕು. ಮೂರನೆಯದು ನಿಮ್ಮಿಂದಲೇ ಆಗುವಂಥದ್ದು. ಕೊಡಗಿನ ಮಕ್ಕಳು ಹೋಗಿಬರಲು ಆಗುವ ಕಾಲೇಜುಗಳ, ಅಂದರೆ ಕುಶಾಲನಗರ, ಪೊನ್ನಂಪೇಟೆ, ಹಾಸನ, ಮೈಸೂರು, ಮಂಡ್ಯ, ಸುಳ್ಯ, ಪುತ್ತೂರು, ಮಂಗಳೂರಿನ ಕಾಲೇಜುಗಳ ಹಿಂದಿನ ಎರಡು ವರ್ಷದ ಕಟ್ ಆಫ್ ಅನ್ನು ಗ್ರಾಮೀಣ ಕಾಲಂ ಸಮೇತ ಜಿಲ್ಲಾ ಪುಟದಲ್ಲಿ ಈ ತಿಂಗಳೇ ಹಾಕಿ. ಜಾಹೀರಾತಿನ ಪಕ್ಕದಲ್ಲೇ ಹಾಕಿದರೂ ಸರಿ. ಕರೆಂಟ್ ಹೋದರೂ ಪತ್ರಿಕೆಯ ಹಾಳೆ ಮನೆಯಲ್ಲಿ ಇರುತ್ತದೆ.

ನಮ್ಮ ಹುಡುಗನ ಪಟ್ಟಿ ನಿನ್ನೆ ರಾತ್ರಿಗೆ 19 ಸಾಲಿಗೆ ಬಂದು ನಿಂತಿದೆ. ರ‍್ಯಾಂಕ್ ಬಂದ ಮೇಲೆ ಒಂದೆರಡು ಮೇಲೆ ಕೆಳಗೆ ಆಗಬಹುದು, ಅದು ಒಂದು ಸಂಜೆಯ ಕೆಲಸ. ಆ ಪುಟದ ಜೆರಾಕ್ಸನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ಹೆಸರು, ರ‍್ಯಾಂಕ್ ತೆಗೆದಿದ್ದೇನೆ, ಕಾಲಂಗಳು ಹಾಗೇ ಇವೆ. ಯಾರಾದರೂ ಕೇಳಿಕೊಂಡು ನಿಮ್ಮ ಕಚೇರಿಗೆ ಬಂದರೆ ದಯವಿಟ್ಟು ಒಂದು ಪ್ರತಿ ಕೊಡಿ.

ಇಂತಿ,
ಒಬ್ಬ ತಾಯಿ,
ಸೋಮವಾರಪೇಟೆ ತಾಲ್ಲೂಕು, ಕೊಡಗು